ಕುದುರೆ ಲಾಯದಲ್ಲಿ ತೆರೆದ ಚಿತ್ರಶಾಲೆ
ಚಿತ್ರಕಾರ, ಚಿತ್ರಕಲಾ ಶಿಕ್ಷಕ ಚಿಯುರಾ ಒಬಾಟಾ



ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ದಕ್ಷಿಣಕ್ಕೆ ಸ್ಯಾನ್ ಬ್ರೂನೋ ಎಂಬ ಊರಿದೆ. ಅಲ್ಲಿ ಹಿಂದೆ ಟ್ಯಾನ್‌ಫೊರಾನ್ ಎಂಬ ಕುದುರೆ ಪಂದ್ಯದ ಮೈದಾನವಿತ್ತು. 1942ರ ಏಪ್ರಿಲ್ ಕೊನೆಯಲ್ಲಿ ಅಲ್ಲಿದ್ದ ಕುದುರೆಗಳನ್ನು ಸಾಗಿಸಿ, ಲಾಯಗಳಿಗೆ ಅವಸರದಲ್ಲಿ ಸುಣ್ಣ ಬಳಿದು, ಸುಮಾರು 8,000 ಮಂದಿಯನ್ನು ತಂದು ತುಂಬಲಾಯಿತು. ಮೈದಾನದ ಸುತ್ತ ಮುಳ್ಳುತಂತಿಯ ಬೇಲಿ ಇತ್ತು, ಕಾವಲು ಗೋಪುರಗಳಲ್ಲಿ ಬಂದೂಕು ಹಿಡಿದ ಸೈನಿಕರಿದ್ದರು. ಒಳಗಿದ್ದವರಲ್ಲಿ ಮುದುಕರು, ಹಸುಗೂಸುಗಳು, ಗರ್ಭಿಣಿಯರು, ಕಾಲೇಜು ವಿದ್ಯಾರ್ಥಿಗಳು, ಅಂಗಡಿಕಾರರು, ತೋಟಗಾರರು ಎಲ್ಲರೂ ಇದ್ದರು. ಅವರಲ್ಲಿ ಯಾರ ಮೇಲೂ ಯಾವ ಅಪರಾಧವೂ ಸಾಬೀತಾಗಿರಲಿಲ್ಲ. ಅವರ ವಂಶದ ಮೂಲ ಜಪಾನ್ ಎಂಬುದೊಂದೇ ಕಾರಣ.

ಅಲ್ಲಿಗೆ ಬಂದವರಲ್ಲಿ ಐವತ್ತಾರು ವರ್ಷದ ಒಬ್ಬ ಚಿತ್ರಕಾರನಿದ್ದ. ಆತ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಹತ್ತು ವರ್ಷಗಳಿಂದ ಚಿತ್ರಕಲೆ ಕಲಿಸುತ್ತಿದ್ದವರು. ಹೆಸರು ಚಿಯುರಾ ಒಬಾಟಾ. ಲಾಯದ ವಾಸನೆ ಇನ್ನೂ ಆರಿರಲಿಲ್ಲ. ಊಟಕ್ಕೆ, ಸ್ನಾನಕ್ಕೆ, ಎಲ್ಲಕ್ಕೂ ಸಾಲು ನಿಲ್ಲಬೇಕಿತ್ತು. ಅಂಥ ಜಾಗದಲ್ಲಿ ಒಂದು ತಿಂಗಳು ತುಂಬುವ ಮೊದಲೇ ಅವರು ಒಂದು ಚಿತ್ರಶಾಲೆ ತೆರೆದರು. ಆರು ವರ್ಷದ ಮಕ್ಕಳಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜಂದಿರವರೆಗೆ 600ಕ್ಕೂ ಹೆಚ್ಚು ಜನ ಅದರಲ್ಲಿ ಹೆಸರು ನೋಂದಾಯಿಸಿಕೊಂಡರು.

ಇಂಥ ಹೊತ್ತಿನಲ್ಲಿ ಚಿತ್ರಕಲೆ ಯಾಕೆ ಬೇಕು ಎಂದು ನಿಮಗೆ ಅನ್ನಿಸಬಹುದು. ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಬಾಟಾ ಅವರ ಜೀವನವನ್ನು ಮೊದಲಿನಿಂದ ನೋಡೋಣ.

ಕುಂಚದ ಮನೆಯಲ್ಲಿ ಬೆಳೆದ ಹುಡುಗ

ಒಬಾಟಾ ಹುಟ್ಟಿದ್ದು 1885ರಲ್ಲಿ, ಜಪಾನಿನ ಒಕಾಯಾಮ ಪ್ರಾಂತ್ಯದಲ್ಲಿ. ಬೆಳೆದದ್ದು ಉತ್ತರದ ಸೆಂಡಾಯ್ ನಗರದಲ್ಲಿ, ತಮಗಿಂತ ಬಹಳ ಹಿರಿಯನಾಗಿದ್ದ ಅಣ್ಣನ ಮನೆಯಲ್ಲಿ. ಆ ಅಣ್ಣ ಚಿತ್ರಕಾರನಾಗಿದ್ದ. ತಮ್ಮನಿಗೆ ಅವನೇ ತಂದೆಯ ಸ್ಥಾನದಲ್ಲಿದ್ದ. ಹುಡುಗ ಏಳನೆಯ ವಯಸ್ಸಿಗೇ ಕುಂಚ ಹಿಡಿದ. 'ಚಿಯುರಾ' ಎಂಬುದು ಹುಟ್ಟುಹೆಸರಲ್ಲ, ಕಲಾವಿದನಾಗಿ ಇಟ್ಟುಕೊಂಡ ಹೆಸರು. 'ಸಾವಿರ ಕೊಲ್ಲಿಗಳು' ಎಂದು ಅದರ ಅರ್ಥ. ಸೆಂಡಾಯ್ ಹತ್ತಿರದ ಕಡಲ ತೀರದ ನೆನಪು ಆ ಹೆಸರಿನಲ್ಲಿದೆ.

ಅದು ಮೈಜಿ ಚಕ್ರವರ್ತಿಯ ಕಾಲ. ಜಪಾನ್ ಪಶ್ಚಿಮದ ರೈಲು, ಹಡಗು, ಸೈನ್ಯಪದ್ಧತಿ ಎಲ್ಲವನ್ನೂ ಬೇಗ ಬೇಗ ಕಲಿಯುತ್ತಿತ್ತು. ಚಿತ್ರಕಲೆಯಲ್ಲೂ ತೈಲವರ್ಣ, ನೆರಳು-ಬೆಳಕು, ದೂರದ ವಸ್ತು ಚಿಕ್ಕದಾಗಿ ಕಾಣುವಂತೆ ಬರೆಯುವ ವಿಧಾನ, ಇವೆಲ್ಲ ಬಂದವು. ಹೀಗೆ ಬಂದದ್ದಕ್ಕೆ ಪ್ರತಿಯಾಗಿ, ನಮ್ಮ ಹಳೆಯ ಶಾಯಿ, ರೇಷ್ಮೆ, ಖನಿಜದ ಬಣ್ಣಗಳನ್ನೇ ಇಟ್ಟುಕೊಂಡು ಹೊಸ ಕಾಲದ ಚಿತ್ರ ಬರೆಯೋಣ ಎಂದು ಕೆಲವು ಕಲಾವಿದರು ಹೊರಟರು. ಆ ಶೈಲಿಗೆ 'ನಿಹೊಂಗ', ಅಂದರೆ ಜಪಾನೀ ಚಿತ್ರ, ಎಂಬ ಹೆಸರು ಬಂತು. ನಿಹೊಂಗ ಬರಿಯ ಹಳೆಯದರ ನಕಲಲ್ಲ ಎಂಬುದನ್ನು ನೀವು ಗಮನಿಸಬೇಕು. ಪಶ್ಚಿಮವನ್ನು ನೋಡಿದ ಕಣ್ಣು ತನ್ನದೇ ಕುಂಚವನ್ನು ಮತ್ತೆ ಕೈಗೆತ್ತಿಕೊಂಡಾಗ ಹುಟ್ಟಿದ ಶೈಲಿ ಅದು.

ಹುಡುಗನನ್ನು ಸೈನಿಕ ಶಾಲೆಗೆ ಕಳಿಸುವ ಮಾತು ಮನೆಯಲ್ಲಿ ಬಂದಾಗ, ಹದಿನಾಲ್ಕನೆಯ ವಯಸ್ಸಿನಲ್ಲಿ ಆತ ಟೋಕಿಯೋಗೆ ಓಡಿಹೋದ. ಅಲ್ಲಿ ಮುರಾತ ತಾನ್‌ರ್ಯೋ ಎಂಬ ಚಿತ್ರಕಾರರ ಬಳಿ ಮೂರು ವರ್ಷ ಶಿಷ್ಯನಾಗಿದ್ದ. ನಮ್ಮ ಗುರುಕುಲದಂತೆಯೇ ಅಲ್ಲೂ ಮೊದಲು ಗುರುವಿನ ಮನೆಗೆಲಸ, ಆಮೇಲೆ ವಿದ್ಯೆ. ಅಷ್ಟು ಕಲಿತ ಮೇಲೆ ಹೊರದೇಶದ ಕಲೆಯನ್ನೂ ನೋಡಬೇಕೆಂಬ ಹಂಬಲ ಹುಟ್ಟಿತು. 1903ರಲ್ಲಿ, ಹದಿನೇಳು ವರ್ಷದ ಒಬಾಟಾ ಹಡಗು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದರು.

ಹೊಸ ದೇಶದ ಎರಡು ಮುಖಗಳು

ಮುಂದೆ ಪ್ಯಾರಿಸ್‌ಗೆ ಹೋಗುವ ಯೋಚನೆ ಅವರಿಗಿತ್ತು. ಆದರೆ ಕ್ಯಾಲಿಫೋರ್ನಿಯಾದ ಬೆಟ್ಟ, ಕಡಲು, ಮರಗಳು ಅವರನ್ನು ಅಲ್ಲೇ ನಿಲ್ಲಿಸಿದವು. ಹೊಟ್ಟೆಪಾಡಿಗೆ ಅಮೆರಿಕನ್ನರ ಮನೆಗಳಲ್ಲಿ ಕೆಲಸ ಮಾಡಿದರು. ಒಂದು ಕಲಾಶಾಲೆಗೆ ಸೇರಿ, ಅಲ್ಲಿನ ಶಿಸ್ತಿಲ್ಲದ ಕಲಿಕೆ ಹಿಡಿಸದೆ ಕೆಲವೇ ದಿನಗಳಲ್ಲಿ ಬಿಟ್ಟರು. ಜಪಾನೀ ಭಾಷೆಯ ಪತ್ರಿಕೆಗಳಿಗೆ ಚಿತ್ರ ಬರೆದುಕೊಟ್ಟರು.

1906ರ ಏಪ್ರಿಲ್ 18ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೋ ನಗರವನ್ನು ಭಾರಿ ಭೂಕಂಪ ನಡುಗಿಸಿತು. ಅದರ ಹಿಂದೆಯೇ ಹೊತ್ತಿದ ಬೆಂಕಿ ಮೂರು ದಿನಕ್ಕೂ ಹೆಚ್ಚು ಕಾಲ ಉರಿಯಿತು. ನಗರದ ಬಹುಭಾಗ ಬೂದಿಯಾಯಿತು. ಇಪ್ಪತ್ತು ವರ್ಷದ ಒಬಾಟಾ ಬಯಲಿನ ಡೇರೆಯಲ್ಲಿ ತಂಗಿ, ಸುಟ್ಟ ಬೀದಿಗಳಲ್ಲಿ ಓಡಾಡಿ, ಕಂಡದ್ದನ್ನು ಕಾಗದದ ಮೇಲೆ ಬರೆದಿಟ್ಟರು. ಆ ಜಲವರ್ಣ ಚಿತ್ರಗಳು ಇಂದಿಗೂ ಉಳಿದಿವೆ. ಕಣ್ಣೆದುರಿಗೆ ಏನೇ ಅನಾಹುತ ನಡೆದರೂ ಕುಂಚ ಎತ್ತಿಕೊಳ್ಳುವ ಅಭ್ಯಾಸ ಅವರಿಗೆ ಆಗಲೇ ಬಂದಿತ್ತು. ಮೂವತ್ತಾರು ವರ್ಷಗಳ ಮೇಲೆ ಅದೇ ಅಭ್ಯಾಸ ಮತ್ತೆ ಕೆಲಸಕ್ಕೆ ಬಂತು.

ಅಮೆರಿಕದ ಇನ್ನೊಂದು ಮುಖವನ್ನೂ ಅವರು ಬೇಗನೆ ಕಂಡರು. ಪಶ್ಚಿಮ ತೀರದಲ್ಲಿ ಏಷ್ಯಾದವರ ಮೇಲೆ ದ್ವೇಷ ಬೆಳೆಯುತ್ತಿತ್ತು. ಬೀದಿಯಲ್ಲಿ ನಡೆದು ಹೋಗುವಾಗ ಜನ ಅವರ ಮೇಲೆ ಉಗುಳಿದ್ದುಂಟು, ಕೈ ಮಾಡಿದ್ದುಂಟು. ಕಾನೂನೂ ಇದೇ ಹಾದಿ ಹಿಡಿಯಿತು. ಪೌರರಾಗಲು ಅರ್ಹತೆಯಿಲ್ಲದ ವಿದೇಶೀಯರು ಜಮೀನು ಕೊಳ್ಳಬಾರದೆಂದು 1913ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕಾಯಿದೆ ಮಾಡಿತು. ಜಪಾನಿನಿಂದ ವಲಸೆ ಬರುವುದನ್ನೇ 1924ರ ಕಾಯಿದೆ ನಿಲ್ಲಿಸಿತು.

ಇಲ್ಲಿ ನಮಗೂ ಸಂಬಂಧಿಸಿದ ಒಂದು ಸಂಗತಿಯಿದೆ. ಆ ಕಾಲದ ಅಮೆರಿಕದ ಕಾನೂನಿನಲ್ಲಿ ವಲಸೆ ಬಂದವರ ಪೈಕಿ ಬಿಳಿಯರು ಮತ್ತು ಆಫ್ರಿಕಾ ಮೂಲದವರು ಮಾತ್ರ ಪೌರತ್ವ ಕೇಳಬಹುದಿತ್ತು. 1922ರಲ್ಲಿ ಒಜಾವ ಎಂಬ ಜಪಾನೀಯನ ಮೊಕದ್ದಮೆಯಲ್ಲಿ, ಜಪಾನೀಯರು ಈ ಗುಂಪಿಗೆ ಸೇರರು ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಮರುವರ್ಷ, 1923ರಲ್ಲಿ, ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರಿಗೂ ಅದೇ ಬಾಗಿಲು ಮುಚ್ಚಿತು. ಥಿಂಡ್ ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರು ಎಂಬುದೂ ಲೆಕ್ಕಕ್ಕೆ ಬರಲಿಲ್ಲ. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ.

ಹೀಗಾಗಿ ಒಬಾಟಾ ಅವರ ಸ್ಥಿತಿ ವಿಚಿತ್ರವಾಗಿತ್ತು. ಅವರು ವಾಸಿಸುತ್ತಿದ್ದ, ಪ್ರೀತಿಸುತ್ತಿದ್ದ, ಚಿತ್ರದಲ್ಲಿ ಬರೆಯುತ್ತಿದ್ದ ನೆಲ ಅವರನ್ನು ತನ್ನವನೆಂದು ಒಪ್ಪುತ್ತಿರಲಿಲ್ಲ. 1912ರಲ್ಲಿ ಅವರು ಹರುಕೊ ಕೊಹಾಶಿ ಅವರನ್ನು ಮದುವೆಯಾದರು. ಹರುಕೊ ಹೂ ಜೋಡಿಸುವ ಜಪಾನೀ ಕಲೆಯಾದ ಇಕೆಬಾನದಲ್ಲಿ ಪರಿಣತೆ, ಮುಂದೆ ಅದನ್ನು ಕಲಿಸಿ ಹೆಸರಾದವರು. ಅವರಿಗೆ ನಾಲ್ವರು ಮಕ್ಕಳು. ಅಮೆರಿಕದಲ್ಲಿ ಹುಟ್ಟಿದ್ದರಿಂದ ಮಕ್ಕಳು ಅಮೆರಿಕದ ಪೌರರು. ತಂದೆ ತಾಯಿ ಮಾತ್ರ ವಿದೇಶೀಯರು.

1921ರಲ್ಲಿ ಒಬಾಟಾ ಕೆಲವು ಸ್ನೇಹಿತರೊಡನೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೂರ್ವ ಪಶ್ಚಿಮ ಕಲಾ ಸಂಘವನ್ನು ಕಟ್ಟಿದರು. ಕಾನೂನು ಗೋಡೆ ಕಟ್ಟುತ್ತಿದ್ದ ವರ್ಷಗಳಲ್ಲೇ ಎರಡೂ ಕಡೆಯ ಕಲಾವಿದರು ಒಟ್ಟಿಗೆ ಕೂತು ಚಿತ್ರ ತೋರಿಸುವ ಸಂಘ ಇದಾಗಿತ್ತು.

ಯೊಸೆಮಿಟಿಯ ಬೆಟ್ಟಗಳಲ್ಲಿ

1927ರ ಬೇಸಿಗೆ ಅವರ ಜೀವನದ ಮುಖ್ಯ ಘಟ್ಟ. ಬರ್ಕ್ಲಿಯ ಕಲಾ ಪ್ರಾಧ್ಯಾಪಕ ವರ್ತ್ ರೈಡರ್ ಮತ್ತು ಶಿಲ್ಪಿ ರಾಬರ್ಟ್ ಹೊವರ್ಡ್ ಅವರೊಡನೆ ಒಬಾಟಾ ಯೊಸೆಮಿಟಿ ಕಣಿವೆಗೂ, ಅದರಾಚೆಯ ಸಿಯೆರಾ ನೆವಾಡಾ ಎತ್ತರದ ಬೆಟ್ಟಗಳಿಗೂ ಹೋದರು. ಸುಮಾರು ಆರು ವಾರ ಡೇರೆಯಲ್ಲಿ ವಾಸ. ಆ ದಿನಗಳಲ್ಲಿ ನೂರಕ್ಕೂ ಹೆಚ್ಚು ಚಿತ್ರ ಬರೆದರು.

ಆ ಚಿತ್ರಗಳ ರೀತಿಯನ್ನು ಸ್ವಲ್ಪ ತಿಳಿದುಕೊಳ್ಳೋಣ. ಜಪಾನೀ ಶಾಯಿಗೆ 'ಸುಮಿ' ಎನ್ನುತ್ತಾರೆ. ಮಸಿಯನ್ನು ಅಂಟಿನೊಡನೆ ಕಲಸಿ ಗಟ್ಟಿಮಾಡಿದ ಕಡ್ಡಿ ಅದು. ಕಲ್ಲಿನ ಮೇಲೆ ನೀರು ಹಾಕಿ, ನಾವು ಗಂಧ ತೇಯುವಂತೆ, ಅದನ್ನು ತೇಯಬೇಕು. ನೀರಿನ ಪ್ರಮಾಣದಂತೆ ಕಡುಗಪ್ಪಿನಿಂದ ಹೊಗೆಯಂಥ ಬೂದುಬಣ್ಣದವರೆಗೆ ನೂರು ಛಾಯೆ ಸಿಗುತ್ತದೆ. ಒಮ್ಮೆ ಎಳೆದ ಗೆರೆಯನ್ನು ಅಳಿಸಲು ಬರುವುದಿಲ್ಲ. ತೈಲವರ್ಣದಲ್ಲಿ ತಪ್ಪಿನ ಮೇಲೆ ಮತ್ತೊಂದು ಪದರ ಬಳಿಯಬಹುದು, ಇಲ್ಲಿ ಅದಿಲ್ಲ. ಆದ್ದರಿಂದ ಕುಂಚ ಕಾಗದಕ್ಕೆ ತಾಗುವ ಮೊದಲೇ ಮನಸ್ಸಿನಲ್ಲಿ ಚಿತ್ರ ಮುಗಿದಿರಬೇಕು.

ಒಬಾಟಾ ಈ ಕುಂಚವನ್ನು ಅಮೆರಿಕದ ಬೆಟ್ಟದ ಮುಂದೆ ಹಿಡಿದರು. ಬಂಡೆಯ ಅಂಚು ಒಂದೇ ಎಳೆತದಲ್ಲಿ ಬರುತ್ತದೆ, ಮಂಜು ಇರುವಲ್ಲಿ ಬರಿಯ ಕಾಗದ ಬಿಟ್ಟಿರುತ್ತದೆ. ಇದು ಜಪಾನಿನದು. ಆದರೆ ಆ ಬೆಟ್ಟ ಕಲ್ಪನೆಯ ಬೆಟ್ಟವಲ್ಲ. ಇಂಥ ಕಡೆ, ಇಂಥ ಹೊತ್ತಿನಲ್ಲಿ, ಈ ಬೆಳಕಿನಲ್ಲಿ ನಿಂತು ನೋಡಿ ಬರೆದದ್ದು. ಬಣ್ಣ ಧಾರಾಳವಾಗಿದೆ, ಸಂಜೆಯ ಆಕಾಶ ಕೆಂಪಾಗಿ ಉರಿಯುತ್ತದೆ, ದೂರ ಮತ್ತು ಆಳ ಕಣ್ಣಿಗೆ ಕಾಣುತ್ತವೆ. ಬಯಲಲ್ಲಿ ನಿಂತು ನೋಡಿ ಬರೆಯುವ ಪಶ್ಚಿಮದ ರೂಢಿ ಇಲ್ಲಿ ಸೇರಿಕೊಂಡಿದೆ. ಎರಡನ್ನೂ ಪಕ್ಕಪಕ್ಕ ಅಂಟಿಸಿದಂತೆ ಕಾಣುವುದಿಲ್ಲ. ಒಂದೇ ಕೈ ಬರೆದ ಒಂದೇ ಚಿತ್ರವಾಗಿ ಕಾಣುತ್ತದೆ.

1928ರಲ್ಲಿ ಒಬಾಟಾ ಜಪಾನಿಗೆ ಮರಳಿ ಹೋದರು. ಅಲ್ಲಿ ಟೋಕಿಯೋದ ತಕಾಮಿಜಾವ ಎಂಬ ಮುದ್ರಣಾಲಯದಲ್ಲಿ ತಮ್ಮ ಜಲವರ್ಣಗಳನ್ನು ಮರದಚ್ಚಿನ ಚಿತ್ರಗಳಾಗಿ ಮಾಡಿಸಿದರು. ಒಂದೊಂದು ಬಣ್ಣದ ಛಾಯೆಗೂ ಮರದ ಹಲಗೆಯಲ್ಲಿ ಬೇರೆ ಅಚ್ಚು ಕೆತ್ತಿ, ಅದೇ ಕಾಗದದ ಮೇಲೆ ಒಂದರ ಮೇಲೊಂದು ಒತ್ತುವ ಕೆಲಸ ಅದು. ಸಾಮಾನ್ಯ ಮರದಚ್ಚಿಗೆ ಹತ್ತಿಪ್ಪತ್ತು ಒತ್ತು ಸಾಕು. ಒಬಾಟಾ ಅವರ ಜಲವರ್ಣದ ನೀರಿನ ಗುರುತೂ ಕಾಣಬೇಕೆಂದು ಒಂದೊಂದು ಚಿತ್ರವನ್ನು ನೂರಕ್ಕೂ ಹೆಚ್ಚು ಸಲ ಒತ್ತಬೇಕಾಯಿತು. ಹತ್ತಾರು ಮಂದಿ ಕೆತ್ತನೆಗಾರರು, ಅಚ್ಚುಗಾರರು ದುಡಿದು 35 ಚಿತ್ರಗಳ ಒಂದು ಮಾಲೆ 1930ರಲ್ಲಿ ಸಿದ್ಧವಾಯಿತು. ಅದಕ್ಕೆ 'ವಿಶ್ವ ಭೂದೃಶ್ಯ ಮಾಲೆ' ಎಂಬ ಅರ್ಥದ ಹೆಸರಿಟ್ಟರು. ಆ ಪೈಕಿ ಸಿಯೆರಾದ ಸರೋವರವೊಂದರ ಚಿತ್ರಕ್ಕೆ ಟೋಕಿಯೋದ ಉಯೆನೊ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಅಮೆರಿಕದ ಬೆಟ್ಟವನ್ನು ಜಪಾನಿನ ಮರಗೆಲಸದವರು ಕೆತ್ತಿ, ಜಪಾನಿನ ಜನ ಮೆಚ್ಚಿಕೊಂಡ ಈ ಪ್ರಸಂಗವನ್ನು ಮರೆಯಬೇಡಿ. ಹನ್ನೊಂದೇ ವರ್ಷಗಳಲ್ಲಿ ಆ ಎರಡು ದೇಶಗಳು ಯುದ್ಧಕ್ಕೆ ನಿಂತವು.

ತರಗತಿಯಲ್ಲಿ ಒಬಾಟಾ

1932ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ ಅವರನ್ನು ಅಧ್ಯಾಪಕರನ್ನಾಗಿ ತೆಗೆದುಕೊಂಡಿತು. ಜಪಾನೀ ಮೂಲದವರಿಗೆ ದೊಡ್ಡ ಕೆಲಸ ಸಿಗುವುದೇ ಅಪರೂಪವಾಗಿದ್ದ ಕಾಲ ಅದು. ಅವರ ತರಗತಿಯ ರೀತಿ ಅಮೆರಿಕದ ವಿದ್ಯಾರ್ಥಿಗಳಿಗೆ ಹೊಸದು. ಶಾಯಿ ತೇಯುವುದು, ಕುಂಚವನ್ನು ನೆಟ್ಟಗೆ ಹಿಡಿಯುವುದು, ಬೆರಳಿನಿಂದಲ್ಲದೆ ಇಡೀ ತೋಳಿನಿಂದ ಗೆರೆ ಎಳೆಯುವುದು, ಎಳೆಯುವ ಮೊದಲು ಸುಮ್ಮನೆ ಕೂತು ನೋಡುವುದು. ಚಿತ್ರ ಬರೆಯುವುದಕ್ಕಿಂತ ಮೊದಲು ನೋಡುವುದನ್ನು ಕಲಿಯಬೇಕು ಎಂಬುದೇ ಅವರ ಪಾಠದ ಸಾರ. ಒಂದು ಮರವನ್ನು ಬರೆಯುವವನಿಗೆ ಆ ಮರ ಗಾಳಿಗೆ ಹೇಗೆ ಬಾಗುತ್ತದೆ, ಎಲ್ಲಿ ಬೇರು ಬಿಟ್ಟಿದೆ ಎಂದು ತಿಳಿದಿರಬೇಕು. ಪ್ರಕೃತಿಯೇ ದೊಡ್ಡ ಗುರು ಎಂಬ ಅವರ ನಂಬಿಕೆ ಬರಿಯ ಮಾತಾಗಿರದೆ ದಿನದಿನದ ಅಭ್ಯಾಸವಾಗಿತ್ತು.

ಬರ್ಕ್ಲಿಯ ಟೆಲಿಗ್ರಾಫ್ ಅವೆನ್ಯೂದಲ್ಲಿ ಹರುಕೊ ಮತ್ತು ಅವರು ಚಿತ್ರಕಲಾ ಸಾಮಗ್ರಿಗಳ ಸಣ್ಣ ಅಂಗಡಿಯನ್ನೂ ಇಟ್ಟುಕೊಂಡಿದ್ದರು.

ಒಂದು ಆಜ್ಞೆ, ಒಂದು ಚಿತ್ರ ಮಾರಾಟ

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಅದಾದ ಮೇಲೆ ಒಬಾಟಾ ಅವರ ಅಂಗಡಿಯ ಮೇಲೆ ಯಾರೋ ಗುಂಡು ಹಾರಿಸಿದರು. ಅಂಗಡಿಯನ್ನು ಮುಚ್ಚಬೇಕಾಯಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೆಯ ಆಜ್ಞೆಗೆ ಸಹಿ ಹಾಕಿದರು. ಅದರ ಬಲದಿಂದ ಸುಮಾರು 1,20,000 ಜಪಾನೀ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಪೌರರು. ಕೈಯಲ್ಲಿ ಹೊತ್ತಷ್ಟೇ ಸಾಮಾನು. ಮನೆ, ಅಂಗಡಿ, ತೋಟ ಎಲ್ಲವನ್ನೂ ಸಿಕ್ಕ ಬೆಲೆಗೆ ಮಾರಬೇಕಾಯಿತು.

ಹೊರಡುವ ಮೊದಲು ಒಬಾಟಾ ತಮ್ಮ ಚಿತ್ರಗಳ ಒಂದು ಮಾರಾಟವನ್ನು ಏರ್ಪಡಿಸಿದರು. ಬಂದ ಹಣವನ್ನು ತಮಗಾಗಿ ಇಟ್ಟುಕೊಳ್ಳದೆ ವಿದ್ಯಾರ್ಥಿವೇತನಕ್ಕೆಂದು ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು. ಯುದ್ಧದಿಂದ ಕಷ್ಟಕ್ಕೆ ಸಿಕ್ಕಿದ ಯಾವ ಜನಾಂಗದ ವಿದ್ಯಾರ್ಥಿಗಾದರೂ ಅದು ಸಲ್ಲಬೇಕೆಂಬುದು ಅವರ ಇಚ್ಛೆ. ಉಳಿದ ಹಲವು ಚಿತ್ರಗಳನ್ನು ವಿಶ್ವವಿದ್ಯಾನಿಲಯದ ಅಧ್ಯಕ್ಷ ರಾಬರ್ಟ್ ಸ್ಪ್ರೌಲ್ ಜೋಪಾನವಾಗಿ ಇಟ್ಟುಕೊಂಡರು. ಸರ್ಕಾರವೊಂದು ಅನ್ಯಾಯ ಮಾಡುವಾಗ ಆ ದೇಶದ ಎಲ್ಲರೂ ಅದಕ್ಕೆ ತಲೆಯಾಡಿಸುವುದಿಲ್ಲ ಎಂಬುದಕ್ಕೆ ಇದು ಒಂದು ಉದಾಹರಣೆ.

ಶಿಬಿರದ ಶಾಲೆ

ಈಗ ನಾವು ಮತ್ತೆ ಟ್ಯಾನ್‌ಫೊರಾನ್ ಲಾಯಗಳಿಗೆ ಬಂದಿದ್ದೇವೆ. ಮೇ ತಿಂಗಳಲ್ಲಿ ಚಿತ್ರಶಾಲೆ ಶುರುವಾಯಿತು. ಬಂಧನದಲ್ಲಿದ್ದ ಕಲಾವಿದರೇ ಅಧ್ಯಾಪಕರು. ಅವರಲ್ಲಿ ಮತ್ಸುಸಬುರೊ ಹಿಬಿ, ಮಿನೆ ಒಕುಬೊ ಮುಖ್ಯರು. ಕಾಗದ, ಬಣ್ಣ, ಕುಂಚಗಳನ್ನು ಹೊರಗಿನ ಸ್ನೇಹಿತರು ಕಳಿಸಿಕೊಟ್ಟರು. ರೇಖಾಚಿತ್ರ, ಜಲವರ್ಣ, ಶಿಲ್ಪ, ವಾಸ್ತು, ಉಡುಪಿನ ವಿನ್ಯಾಸ ಎಂದು ಹಲವು ವಿಷಯಗಳು. ಒಬಾಟಾ ಜಪಾನೀ ಕುಂಚವನ್ನೂ ಕಲಿಸಿದರು, ಪಶ್ಚಿಮದ ರೀತಿಯನ್ನೂ ಕಲಿಸುವ ವ್ಯವಸ್ಥೆ ಮಾಡಿದರು. ಜಪಾನೀ ಎಂಬ ಕಾರಣಕ್ಕೇ ಬಂಧಿಸಿಟ್ಟಿದ್ದ ಜಾಗದಲ್ಲಿ ಜಪಾನೀ ಕುಂಚವನ್ನು ನಾಚಿಕೆಯಿಲ್ಲದೆ ಎತ್ತಿಕೊಂಡರು. ತಮ್ಮನ್ನು ಬಂಧಿಸಿದ ದೇಶದ ಕಲೆಯನ್ನೂ ಸಿಟ್ಟಿನಿಂದ ಬಿಸಾಡಲಿಲ್ಲ.

1942ರ ಸೆಪ್ಟೆಂಬರಿನಲ್ಲಿ ಅವರನ್ನೆಲ್ಲ ಯೂಟಾ ರಾಜ್ಯದ ಮರುಭೂಮಿಯ ನಡುವೆ ಕಟ್ಟಿದ ಟೋಪಾಜ್ ಶಿಬಿರಕ್ಕೆ ಸಾಗಿಸಲಾಯಿತು. ಗಾಳಿ ಬೀಸಿದರೆ ಸುಣ್ಣದ ಹುಡಿಯಂಥ ಧೂಳು ಕೋಣೆಯೊಳಗೆಲ್ಲ ತುಂಬುತ್ತಿತ್ತು. ಚಳಿಗಾಲದಲ್ಲಿ ಹಿಮ. ಅಲ್ಲೂ ಒಬಾಟಾ ಚಿತ್ರಶಾಲೆ ತೆರೆದರು. ತಾವೂ ಬಿಡದೆ ಬರೆದರು.

ಇತಿಹಾಸ ಓದುವ ನಿಮಗೆ ಇಲ್ಲಿ ಒಂದು ಮುಖ್ಯ ಮಾತಿದೆ. ಶಿಬಿರಗಳಿಗೆ ಹೋಗುವವರು ಕ್ಯಾಮೆರಾ ಒಯ್ಯುವಂತಿರಲಿಲ್ಲ. ಸರ್ಕಾರ ಕಳಿಸಿದ ಛಾಯಾಗ್ರಾಹಕರು ತೆಗೆದ ಚಿತ್ರಗಳಿವೆ, ನಿಜ. ಆದರೆ ಒಳಗಿದ್ದವರು ತಮ್ಮ ಕಣ್ಣಿನಿಂದ ಕಂಡದ್ದು ಏನೆಂದು ತಿಳಿಯಬೇಕಾದರೆ ಅವರ ರೇಖಾಚಿತ್ರಗಳನ್ನೇ ನೋಡಬೇಕು. ಒಬಾಟಾ ಅವರ ಶಾಯಿಚಿತ್ರಗಳು ಹೀಗೆ ಕಲೆಯಾಗಿರುವಂತೆಯೇ ದಾಖಲೆಯೂ ಆಗಿವೆ. 1943ರ ಏಪ್ರಿಲ್ 11ರಂದು ಟೋಪಾಜ್‌ನಲ್ಲಿ ಬೇಲಿಯ ಹತ್ತಿರ ಸುಳಿದಾಡುತ್ತಿದ್ದ 63 ವರ್ಷದ ಜೇಮ್ಸ್ ವಕಾಸ ಎಂಬವರನ್ನು ಕಾವಲು ಸೈನಿಕ ಗುಂಡಿಟ್ಟು ಕೊಂದ. ಸೈನಿಕನ ವಿಚಾರಣೆ ನಡೆದು ಅವನ ಬಿಡುಗಡೆಯಾಯಿತು. ಆ ಸಾವಿನ ಕುರಿತು ಒಬಾಟಾ ಬರೆದ ಒಂದು ಚಿತ್ರ ಉಳಿದುಕೊಂಡಿದೆ.

ಅದೇ ಟೋಪಾಜ್ ಕುರಿತ ಇನ್ನೊಂದು ಚಿತ್ರವೂ ಇದೆ. ಬೆಳುದಿಂಗಳಲ್ಲಿ ಮಲಗಿದ ಶಿಬಿರ, ಹಿಂದೆ ಬೆಟ್ಟಗಳ ಸಾಲು, ಮೇಲೆ ಚಂದ್ರ. ರೇಷ್ಮೆಯ ಮೇಲೆ ಬರೆದ ಈ ಚಿತ್ರವನ್ನು ಜಪಾನೀ ಅಮೆರಿಕನ್ನರ ಸಂಘವೊಂದು ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಅವರಿಗೆ ಕಾಣಿಕೆಯಾಗಿ ಕೊಟ್ಟಿತು. ಬಂಧನದ ಚಿತ್ರದಲ್ಲಿ ಇಷ್ಟು ಚೆಲುವು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಚೆಲುವು ಅನ್ಯಾಯವನ್ನು ಮುಚ್ಚಿಬಿಡಬಹುದು. ಆದರೆ ಆ ಬೆಳುದಿಂಗಳು ಯಾವ ಸರ್ಕಾರದ ಕೊಡುಗೆಯೂ ಅಲ್ಲ, ಅದನ್ನು ಬೇಲಿ ಹಾಕಿ ತಡೆಯಲು ಯಾರಿಗೂ ಬರುವುದಿಲ್ಲ ಎಂದೂ ಆ ಚಿತ್ರವನ್ನು ಓದಬಹುದು. ವಕಾಸ ಅವರ ಸಾವಿನ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದರೆ, ಈ ಕಲಾವಿದ ಎರಡನ್ನೂ ಕಂಡವನು, ಒಂದಕ್ಕಾಗಿ ಇನ್ನೊಂದನ್ನು ಬಚ್ಚಿಟ್ಟವನಲ್ಲ ಎಂದು ತಿಳಿಯುತ್ತದೆ. ಅವರ ಸಹೋದ್ಯೋಗಿ ಮಿನೆ ಒಕುಬೊ ಬೇರೆ ಹಾದಿ ಹಿಡಿದರು. ಶಿಬಿರದ ದಿನದಿನದ ಬಾಳನ್ನು, ಸಾಲು ನಿಲ್ಲುವುದನ್ನು, ಮರೆಯಿಲ್ಲದ ಕೋಣೆಗಳನ್ನು ಸರಳ ಗೆರೆಗಳಲ್ಲಿ ಬರೆದು 1946ರಲ್ಲಿ ಪುಸ್ತಕವಾಗಿ ಹೊರತಂದರು. ಎರಡೂ ನಮಗೆ ಬೇಕು.

ಇಬ್ಬರಿಗೂ ಅನುಮಾನ

1943ರ ಆರಂಭದಲ್ಲಿ ಸರ್ಕಾರ ಶಿಬಿರದವರೆಲ್ಲರಿಗೂ ನಿಷ್ಠೆಯ ಪ್ರಶ್ನಾವಳಿ ಹಂಚಿತು. ಜಪಾನಿನ ಚಕ್ರವರ್ತಿಗೆ ನಿಷ್ಠೆಯಿಲ್ಲವೆಂದು ಬರೆದುಕೊಡಿ ಎಂಬುದು ಒಂದು ಪ್ರಶ್ನೆಯ ಅರ್ಥ. ಹೌದು ಎಂದವರು, ಇಲ್ಲ ಎಂದವರು ಎಂದು ಶಿಬಿರ ಒಡೆಯಿತು, ಎಷ್ಟೋ ಮನೆಗಳೂ ಒಡೆದವು. ಅಧಿಕಾರಿಗಳೊಡನೆ ಮಾತಾಡಿ ಶಾಲೆ ನಡೆಸುವವನು ಅವರ ಕಡೆಯವನೇ ಇರಬೇಕೆಂಬ ಅನುಮಾನ ಕೆಲವರಿಗೆ ಒಬಾಟಾ ಮೇಲೆ ಬಂತು. ಏಪ್ರಿಲ್ ಮೊದಲ ವಾರದ ಒಂದು ರಾತ್ರಿ ಅವರ ಮೇಲೆ ಯಾರೋ ಹಲ್ಲೆ ಮಾಡಿದರು. ತಲೆಗೆ ಪೆಟ್ಟು ಬಿದ್ದು ಎರಡು ವಾರಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿರಬೇಕಾಯಿತು.

ಅಮೆರಿಕ ಅವರನ್ನು ಜಪಾನೀ ಎಂದು ಬೇಲಿಯೊಳಗೆ ಇಟ್ಟಿತು. ಬೇಲಿಯೊಳಗಿನ ಕೆಲವರು ಅವರನ್ನು ಅಮೆರಿಕನ್ನರ ಮನುಷ್ಯ ಎಂದು ಹೊಡೆದರು. ಎರಡು ಸಂಸ್ಕೃತಿಗಳ ನಡುವೆ ಸೇತುವೆಯಾಗುವುದು ಎಂದು ನಾವು ಭಾಷಣಗಳಲ್ಲಿ ಸುಲಭವಾಗಿ ಹೇಳುತ್ತೇವೆ. ಹಾಗೆ ಬದುಕಿದವರಿಗೆ ಅದರ ಬೆಲೆ ಎಷ್ಟೆಂದು ಈ ಪ್ರಸಂಗ ತಿಳಿಸುತ್ತದೆ. ಹಾಗೆಂದು ಹಲ್ಲೆ ಮಾಡಿದವರನ್ನು ಬರಿಯ ದುಷ್ಟರೆಂದು ತಳ್ಳಿಹಾಕುವುದೂ ಸರಿಯಲ್ಲ. ಮನೆಮಾರು ಕಳೆದುಕೊಂಡು, ತಪ್ಪಿಲ್ಲದೆ ಬೇಲಿಯೊಳಗೆ ಕೂತ ಜನರ ಸಿಟ್ಟು ಹತ್ತಿರ ಸಿಕ್ಕವರ ಮೇಲೆ ತಿರುಗಿತು.

ಅವರ ರಕ್ಷಣೆಗಾಗಿ ಅಧಿಕಾರಿಗಳು ಒಬಾಟಾ ಕುಟುಂಬವನ್ನು ಶಿಬಿರದಿಂದ ಬಿಟ್ಟರು. ಅವರು ಸೇಂಟ್ ಲೂಯಿಸ್ ನಗರದ ಕಡೆಗೆ ಹೋದರು. ಮಗ ಗ್ಯೊ ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ವಾಸ್ತುಶಿಲ್ಪ ಓದುತ್ತಿದ್ದ. ಒಬಾಟಾ ಅಲ್ಲಿ ಜಾಹೀರಾತು ಚಿತ್ರಗಳ ಕೆಲಸ ಮಾಡಿ ಸಂಸಾರ ಸಾಗಿಸಿದರು. ಟೋಪಾಜ್‌ನ ಚಿತ್ರಶಾಲೆ ಅವರೊಡನೆ ನಿಂತುಹೋಗಲಿಲ್ಲ. ಹಿಬಿ ಅದನ್ನು ಮುಂದುವರಿಸಿದರು.

ಮರಳಿ ಬಂದ ಮೇಲೆ

1945ರಲ್ಲಿ ಜಪಾನೀ ಮೂಲದವರು ಪಶ್ಚಿಮ ತೀರಕ್ಕೆ ಮರಳಬಹುದೆಂದಾಯಿತು. ಬರ್ಕ್ಲಿ ಅವರನ್ನು ಮತ್ತೆ ಕೆಲಸಕ್ಕೆ ಕರೆದುಕೊಂಡಿತು. ಅದೇ ವರ್ಷ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಅಣುಬಾಂಬು ಬಿತ್ತು. ಒಬಾಟಾ ಹುಟ್ಟಿದ ಒಕಾಯಾಮ ಹಿರೋಶಿಮಾದ ನೆರೆಯ ಪ್ರಾಂತ್ಯ. ತಾವು ಹುಟ್ಟಿದ ದೇಶದ ಮೇಲೆ ತಾವು ಬದುಕುತ್ತಿದ್ದ ದೇಶ ಹಾಕಿದ ಬಾಂಬು ಅದು. ಅವರು ಅದನ್ನೂ ಕುಂಚದಿಂದಲೇ ಎದುರಿಸಿದರು. ನಾಶ, ಪ್ರಾರ್ಥನೆ, ಸಾಮರಸ್ಯ ಎಂಬ ಅರ್ಥದ ಹೆಸರುಗಳಿರುವ ಚಿತ್ರಗಳನ್ನು ಬರೆದರು.

1954ರಲ್ಲಿ ಒಬಾಟಾ ನಿವೃತ್ತರಾದರು. ಅದೇ ವರ್ಷ, ಆ ದೇಶಕ್ಕೆ ಬಂದು ಐವತ್ತೊಂದು ವರ್ಷಗಳಾದ ಮೇಲೆ, ಅಮೆರಿಕದ ಪೌರರಾದರು. ಆಮೇಲೆ ಹಲವು ವರ್ಷ ಅಮೆರಿಕನ್ನರ ತಂಡಗಳನ್ನು ಜಪಾನಿಗೆ ಕರೆದುಕೊಂಡು ಹೋಗಿ ಅಲ್ಲಿನ ತೋಟಗಳನ್ನು, ದೇಗುಲಗಳನ್ನು, ಕಲೆಯನ್ನು ತೋರಿಸಿದರು. 1975ರಲ್ಲಿ ತೀರಿಕೊಂಡರು. ಮಗ ಗ್ಯೊ ಒಬಾಟಾ ಹೆಸರಾಂತ ವಾಸ್ತುಶಿಲ್ಪಿಯಾದರು. ವಾಷಿಂಗ್ಟನ್ ನಗರದಲ್ಲಿ 1976ರಲ್ಲಿ ತೆರೆದ ವಾಯುಯಾನ ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಕಟ್ಟಡ ಅವರ ವಿನ್ಯಾಸ. ತಂದೆಯನ್ನು ಲಾಯಕ್ಕೆ ಕಳಿಸಿದ ದೇಶದ ರಾಜಧಾನಿಯಲ್ಲಿ ಮಗನ ಕಟ್ಟಡ ನಿಂತಿತು.

1988ರಲ್ಲಿ ಅಮೆರಿಕದ ಸಂಸತ್ತು ಕಾಯಿದೆಯ ಮೂಲಕ ಕ್ಷಮೆ ಕೇಳಿ, ಬದುಕಿ ಉಳಿದಿದ್ದ ಒಬ್ಬೊಬ್ಬ ಬಂಧಿತರಿಗೂ 20,000 ಡಾಲರ್ ಪರಿಹಾರ ಗೊತ್ತುಮಾಡಿತು. ಒಬಾಟಾ ಆಗ ಇರಲಿಲ್ಲ. 2018ರಿಂದ ಅವರ ಚಿತ್ರಗಳ ದೊಡ್ಡ ಪ್ರದರ್ಶನವೊಂದು ಊರೂರು ಸುತ್ತಿತು. ಹುಟ್ಟಿದೂರಿನ ಒಕಾಯಾಮಕ್ಕೂ ಹೋಯಿತು, ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಕಲಾ ಸಂಗ್ರಹಾಲಯಕ್ಕೂ ಬಂತು. ಎರಡು ದೇಶಗಳೂ ಅವರನ್ನು ನಮ್ಮವರೆಂದು ಕರೆದವು.

ನಮ್ಮ ಮಟ್ಟಿಗೆ

ಈ ಕಥೆ ನಮಗೆ ಬಹಳ ದೂರದ್ದೆಂದು ತೋರಬಹುದು. ಆದರೆ ಒಬಾಟಾ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದ 1903ರಲ್ಲೇ ಜಪಾನಿನ ಯೊಕೊಯಾಮ ತೈಕಾನ್, ಹಿಶಿದ ಶುನ್ಸೊ ಎಂಬ ಇಬ್ಬರು ನಿಹೊಂಗ ಚಿತ್ರಕಾರರು ಕಲ್ಕತ್ತೆಗೆ ಬಂದಿದ್ದರು. ಅವರು ಬರೆಯುವುದನ್ನು ನೋಡಿ ಅವನೀಂದ್ರನಾಥ ಠಾಕೂರರು ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮಂಜಿನಂತೆ ಮಾಡುವ 'ವಾಶ್' ವಿಧಾನವನ್ನು ರೂಪಿಸಿಕೊಂಡರು. ಆ ಠಾಕೂರರ ಬಳಿ ಕಲಿತವರಲ್ಲಿ ಒಬ್ಬರು ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು. ವೆಂಕಟಪ್ಪನವರು ಹುಟ್ಟಿದ್ದು 1886ರಲ್ಲಿ, ಒಬಾಟಾ ಅವರಿಗಿಂತ ಒಂದೇ ವರ್ಷ ಚಿಕ್ಕವರು. ಹೀಗೆ ಜಪಾನಿನ ಕುಂಚದ ಒಂದು ಕವಲು ಯೊಸೆಮಿಟಿಗೆ ಹರಿದಂತೆ ಇನ್ನೊಂದು ಕವಲು ಕಲ್ಕತ್ತೆಯ ಮೂಲಕ ನಮ್ಮ ನಾಡಿಗೂ ಹರಿದು ಬಂತು. ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗೆ ಹೋಗುವ ಅವಕಾಶ ನಿಮಗೆ ಸಿಕ್ಕರೆ, ಉದಕಮಂಡಲದ ಬೆಟ್ಟಗಳನ್ನು ಅವರು ಬರೆದಿರುವ ಬಗೆಯನ್ನು ನಿಧಾನವಾಗಿ ನೋಡಿ. ಯಾವ ನಾಡಿನ ಕಲೆಯೂ ಒಂಟಿಯಾಗಿ ಬೆಳೆದದ್ದಲ್ಲ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಕೊನೆಗೆ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಲಾಯದಲ್ಲಿ ಬದುಕುವವರಿಗೆ ಚಿತ್ರಕಲೆ ಯಾಕೆ ಬೇಕಿತ್ತು? ಕುದುರೆಯ ಜಾಗದಲ್ಲಿ ಇಟ್ಟು, ಹೆಸರಿನ ಬದಲು ಕುಟುಂಬದ ಸಂಖ್ಯೆ ಕೊಟ್ಟಾಗ, ಮನುಷ್ಯನಿಗೆ ತಾನು ಯಾರೆಂಬುದೇ ಮರೆತುಹೋಗುವ ಅಪಾಯವಿದೆ. ಬೆಳಿಗ್ಗೆ ಎದ್ದರೆ ಒಂದು ತರಗತಿಯಿದೆ, ತೇಯಬೇಕಾದ ಶಾಯಿಯಿದೆ, ಇವತ್ತು ನೋಡಿ ಬರೆಯಬೇಕಾದ ಒಂದು ಬೆಟ್ಟವಿದೆ ಎಂದಾದಾಗ ಆತ ಕೈದಿಯ ಜತೆಗೆ ವಿದ್ಯಾರ್ಥಿಯೂ ಆಗುತ್ತಾನೆ. ಒಬಾಟಾ ಅವರಿಂದ ಬೇಲಿಯನ್ನು ಕೀಳಲಾಗಲಿಲ್ಲ. ಬೇಲಿಯೊಳಗಿನ 600 ಜನರ ಕಣ್ಣು ಮಂಕಾಗದಂತೆ ನೋಡಿಕೊಳ್ಳುವುದು ಒಬ್ಬ ಶಿಕ್ಷಕನಿಂದ ಆಗುವ ಕೆಲಸವಾಗಿತ್ತು. ಅದನ್ನು ಅವರು ಮಾಡಿದರು.

ಮುಂದಿನ ಸಲ ನಿಮ್ಮ ಶಾಲೆಯಲ್ಲಿ ಚಿತ್ರಕಲೆಯ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಟ್ಟಾಗ ಟ್ಯಾನ್‌ಫೊರಾನ್ ನೆನಪಾಗಲಿ. ಆ ಸಂಜೆ ಒಂದು ಕಾಗದ, ಒಂದು ಪೆನ್ಸಿಲ್ ಹಿಡಿದು ನಿಮ್ಮ ಮನೆಯ ಮುಂದಿನ ಮರದ ಎದುರು ಕುಳಿತುಕೊಳ್ಳಿ. ಮೊದಲ ಹತ್ತು ನಿಮಿಷ ಏನೂ ಬರೆಯಬೇಡಿ, ಸುಮ್ಮನೆ ನೋಡಿ.